ವೆನಿಸ್ಸಿನಲ್ಲಿ ಡೊಂಬಿವಲಿಯ ಇಬ್ಬರು

ಡೊಂಬಿವಲಿ

ವೆನಿಸ್ಸಿಗೆ ಹೋಗಿ ಬಂದೆವು ಅಂತ ಹೇಳಿದ ಕೂಡಲೇ ನಮ್ಮ ಸೊಸೈಟಿಯ ಹೆಂಗಸರು ಕೇಳುವ ಮೊದಲ ಪ್ರಶ್ನೆ, ಗೊಂಡೋಲಾದಲ್ಲಿ ಕೂತಿರಾ ಅಂತ. ಕೂರಲಿಲ್ಲ, ನಿಂತೆವು. ಅದನ್ನು ಮುಂದೆ ಹೇಳುತ್ತೇನೆ. ಸಾನ್ ಮಾರ್ಕೊ ಇಗರ್ಜಿಯ ಒಳಗೆ ಹೋದಿರಾ? ಇಲ್ಲ. ಗಾಜು ಊದಿ ಹೂದಾನಿ ಮಾಡುವುದನ್ನು ನೋಡಿದಿರಾ? ಅದೂ ಇಲ್ಲ. "ಮತ್ತೆ ಅಷ್ಟು ದೂರ ಹೋಗಿ ಎಂತ ಮಾಡಿದಿರಿ ಮಾರಾಯ್ರೆ" ಅಂತ ಎರಡನೇ ಮಾಳಿಗೆಯ ವಾರಿಜಕ್ಕ ಕೇಳಿಯೇ ಬಿಟ್ಟರು. ಲಿಫ್ಟಿನ ಎದುರು ನಿಂತು ಹೇಳಿ ಮುಗಿಯುವ ವಿಷಯ ಅಲ್ಲ ಅದು. ಅದಕ್ಕೇ ಬರೆಯಲು ಕೂತಿದ್ದೇನೆ.

ಇವರಿಂದಲೇ ಶುರು ಮಾಡಬೇಕು. ಇವರು ಅಂದರೆ ನನ್ನ ಯಜಮಾನರು, ಸುಧಾಕರ. ಉಡುಪಿ ಕಡೆಯವರು. ಮದುವೆಗೆ ಮೊದಲೇ ಮುಂಬಯಿ ಹೊರವಲಯದ ಡೊಂಬಿವಲಿಗೆ ಬಂದು, ಮುಂಬಯಿಯ ಫೋರ್ಟಿನಲ್ಲಿ ಒಂದು ಶಿಪ್ಪಿಂಗ್ ಆಫೀಸಿನ ಅಕೌಂಟ್ಸ್ ನೋಡಿಕೊಂಡು, ಮೂವತ್ತು ವರ್ಷ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ನಿಂತೇ ಹೋದ ಮನುಷ್ಯ. ರೈಲಿನಲ್ಲಿ ಇವರದ್ದೊಂದು ಗ್ರೂಪ್ ಇತ್ತು. ಅದೇ ಡಬ್ಬಿ, ಅದೇ ಬಾಗಿಲು, ಅದೇ ಮೂಲೆ. ಘಾಟ್ಕೋಪರ್ ತನಕ ಭಜನೆ, ಅಲ್ಲಿಂದ ಮುಂದೆ ರಾಜಕೀಯ. ದಸರೆಯ ಹಿಂದಿನ ದಿನ ಡಬ್ಬಿಗೆ ಹೂಮಾಲೆ ಕಟ್ಟಿ, ಕಾಯಿ ಒಡೆದು, ಎಲ್ಲರಿಗೂ ಪೇಡಾ ಹಂಚಿ ಆಫೀಸಿಗೆ ತಡವಾಗಿ ಹೋಗುತ್ತಿದ್ದರು. ರೈಲನ್ನು ಬೈಯುವುದು ಇವರಿಗೆ ಊಟದಷ್ಟೇ ಇಷ್ಟವಾದ ಕೆಲಸವಾಗಿತ್ತು.

ಹೋದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಗಾಡಿಗಳೆಲ್ಲ ತಡ. ಎರಡು ಗಾಡಿಯ ಜನ ಒಂದು ಗಾಡಿಗೆ ಹತ್ತಿದ್ದಾರೆ. ದಿವಾ ಸ್ಟೇಷನ್ ದಾಟಿದ ಮೇಲೆ ಎಲ್ಲೋ ಇವರಿಗೆ ಪ್ರಜ್ಞೆ ತಪ್ಪಿದೆ. ಬೀಳಲಿಕ್ಕೆ ಜಾಗ ಇಲ್ಲದ್ದರಿಂದ ಬೀಳಲಿಲ್ಲ. ಸುತ್ತ ನಿಂತವರೇ ಹಿಡಿದು ನಿಲ್ಲಿಸಿದ ಹಾಗೆ ನಿಂತೇ ಇದ್ದರಂತೆ, ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ದೊಡ್ಡ ಸ್ಟೇಷನ್ ಠಾಣೆಯಲ್ಲಿ ಜನ ಇಳಿದಾಗ ಇವರೂ ಆ ರಾಶಿಯ ಜೊತೆ ಹೊರಗೆ ಬಂದು ಪ್ಲಾಟ್‌ಫಾರ್ಮಿನ ಮೇಲೆ ಬಿದ್ದರು. ಎರಡು ಪಕ್ಕೆಲುಬಿಗೆ ಪೆಟ್ಟು.

ಪಕ್ಕೆಲುಬು ಗುಣವಾಯಿತು. ಮನುಷ್ಯ ಗುಣವಾಗಲಿಲ್ಲ. ಮೊದಲು ಸ್ಟೇಷನ್ನಿಗೆ ಹೋಗಿ ವಾಪಸ್ ಬರುತ್ತಿದ್ದರು. ಆಮೇಲೆ ಸ್ಟೇಷನ್ನಿಗೆ ಹೋಗುವುದನ್ನು ಬಿಟ್ಟರು. ಆಮೇಲೆ ಫಡ್ಕೆ ರೋಡಿಗೆ ತರಕಾರಿಗೆ ಹೋಗುವುದು, ಮದುವೆಗೆ ಹೋಗುವುದು, ಕೊನೆಗೆ ಸೊಸೈಟಿಯ ಮೀಟಿಂಗ್ ಕೂಡ. ಆಫೀಸಿನವರು ಒಳ್ಳೆಯವರು, ಸಂಬಳವಿಲ್ಲದ ರಜೆ ಕೊಟ್ಟು ಕಾದರು. ಜೂನ್‌ಗೆ ಬರಬೇಕು, ಇಲ್ಲವಾದರೆ ರಾಜೀನಾಮೆ ಕೊಡಬೇಕು ಅಂತ ಮಾತಾಗಿತ್ತು. "ಕೊಟ್ಟು ಬಿಡ್ತೇನೆ. ಮನೆಯಲ್ಲೇ ಇರ್ತೇನೆ" ಅಂತ ಇವರು ದಿನಾ ಹೇಳತೊಡಗಿದರು. ನನಗೆ ಹೆದರಿಕೆ ಆದದ್ದು ಸಂಬಳ ಹೋಗುತ್ತದೆ ಅಂತ ಅಲ್ಲ. ನನಗೆ ಠಾಣೆಯಲ್ಲಿ ಕೆಲಸ ಉಂಟು, ಗಂಜಿಗೇನೂ ಕಮ್ಮಿ ಇಲ್ಲ. ಸೋಫಾದಿಂದ ಬಾಲ್ಕನಿ, ಬಾಲ್ಕನಿಯಿಂದ ಸೋಫಾ, ಇಷ್ಟರೊಳಗೆ ಈ ಮನುಷ್ಯ ಮುಗಿದು ಹೋಗುತ್ತಾರಲ್ಲ ಅಂತ ಹೆದರಿಕೆ.

ಮಗಳು ಶ್ವೇತಾ ಐರೋಲಿಯಲ್ಲಿ ಕೆಲಸ ಮಾಡುವವಳು. ನಾವು ಮನೆಯಲ್ಲಿ ತುಳು ಮಾತಾಡಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಒಂದು ಸಂಜೆ ಬಂದು, "ಪಪ್ಪಾ, ವೆನಿಸ್ ಜಾಓ. ವಹಾಂ ಟ್ರೇನ್ ಹೀ ನಹೀ ಹೈ" ಅಂದಳು. ಊರೊಳಗೆ ರೈಲಿಲ್ಲ, ಕಾರಿಲ್ಲ, ರಿಕ್ಷಾ ಇಲ್ಲ, ಬರೀ ನೀರು ಅಂತ ಫೋಟೋ ತೋರಿಸಿದಳು. ಊರಿನ ತುದಿಯಲ್ಲಿ ಸಾಂತ್ ಎಲೆನಾ ಎಂಬಲ್ಲಿ ಒಂದು ಕೋಣೆಯನ್ನು ಆಗಲೇ ಬುಕ್ ಮಾಡಿಯೂ ಆಗಿತ್ತು. ಅವಳ ಮಾತನ್ನು ತೆಗೆದು ಹಾಕಲಿಕ್ಕೆ ಇವರಿಗೆ ಯಾವತ್ತೂ ಆಗುವುದಿಲ್ಲ. ಫೋಟೋದಲ್ಲಿ ಜನ ಇರಲಿಲ್ಲ, ಹಾಗಾಗಿ ಊರಿನಲ್ಲಿಯೂ ಜನ ಇರುವುದಿಲ್ಲ ಅಂತ ನಾವು ಮೂವರೂ ನಂಬಿದೆವು.

ಪಿಯಾತ್ಸಾಲೆ ರೋಮಾ

ವಿಮಾನ ನಿಲ್ದಾಣದ ಬಸ್ಸು ನಮ್ಮನ್ನು ಪಿಯಾತ್ಸಾಲೆ ರೋಮಾ ಎಂಬಲ್ಲಿ ಇಳಿಸಿತು. ರಸ್ತೆ ಎಂಬುದು ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಬಸ್ಸಿನ ಕೆಲಸವನ್ನು ದೋಣಿ ಮಾಡುತ್ತದೆ. ವಾಪೊರೆತ್ತೊ ಅನ್ನುತ್ತಾರೆ. ನಂಬರ್ ಉಂಟು, ಸ್ಟಾಪ್ ಉಂಟು, ಸ್ಟಾಪಿಗೊಂದು ತೇಲುವ ಜೆಟ್ಟಿ ಉಂಟು. ಆ ಜೆಟ್ಟಿಯ ಮೇಲೆ ಪೆಟ್ಟಿಗೆ ಹಿಡಿದುಕೊಂಡು, ಟೊಪ್ಪಿ ಹಾಕಿಕೊಂಡು, ಬೆವರು ಒರೆಸಿಕೊಂಡು ನಿಂತ ಜನವನ್ನು ನೋಡಿ ನಾನು ನನ್ನ ಪೆಟ್ಟಿಗೆ ಕೆಳಗಿಟ್ಟೆ. ಅಪ್ಪಟ ಡೊಂಬಿವಲಿ, ಬೋರ್ಡು ಮಾತ್ರ ಇಟಾಲಿಯನ್.

ಇವರ ಮುಖ ನೋಡಿದೆ. ಬೂದಿ ಬಣ್ಣಕ್ಕೆ ತಿರುಗಿತ್ತು.

"ಒಂದು ಬಿಡುವ. ಹಿಂದಿನದ್ದು ಖಾಲಿ ಬರ್ತದೆ" ಅಂದೆ. ಇದು ನಾವು ಡೊಂಬಿವಲಿಯವರು ದಿನಾ ನಮಗೇ ಹೇಳಿಕೊಳ್ಳುವ ಸುಳ್ಳು. ಒಂದು ಬಿಟ್ಟೆವು, ಇನ್ನೊಂದು ಬಿಟ್ಟೆವು. ಆಮೇಲೆ ಬಂದದ್ದರಲ್ಲಿ ಸ್ವಲ್ಪ ಜಾಗ ಕಂಡಿತು, ಹತ್ತಿದೆವು. ಮುಂದಿನ ಸ್ಟಾಪ್ ರೈಲ್ವೆ ಸ್ಟೇಷನ್. ಊರೊಳಗೆ ರೈಲಿಲ್ಲ ಅಂದರೆ ಊರ ಬಾಗಿಲಿನಲ್ಲಿಯೂ ಇಲ್ಲ ಅಂತ ಅರ್ಥ ಅಲ್ಲವಲ್ಲ. ಆ ರೈಲಿನವರೆಲ್ಲ ನಮ್ಮ ದೋಣಿಗೇ ಬಂದರು.

ಇವರು ಕಂಬ ಹಿಡಿದು ಕಣ್ಣು ಮುಚ್ಚಿಕೊಂಡರು. ಅಂಗಿ ಬೆನ್ನಿಗೆ ಅಂಟಿತ್ತು. ಎಲ್ಲಾದರೂ ಒಂದು ಸೀಟು ಸಿಕ್ಕಿದರೆ ಸಾಕು ಅಂತ ನಾನು ಸುತ್ತ ನೋಡಿದೆ, ಮತ್ತೆ ಯೋಚನೆಯೇ ಮಾಡದೆ ನಮ್ಮೂರಿನ ಕೆಲಸ ಮಾಡಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಲೋಕಲ್‌ಗಳಲ್ಲಿ ನಿಂತವರು ಕೂತವರನ್ನು "ಕಹಾಂ ಉತರೇಂಗೆ" ಅಂತ ಕೇಳುವುದುಂಟು, ಎಲ್ಲಿ ಇಳಿಯುತ್ತೀರಿ ಅಂತ. ಅವರು ಕುರ್ಲಾ ಅಂದರೆ ಕುರ್ಲಾದಿಂದ ಆ ಸೀಟು ನನ್ನದು. ಆಮೇಲೆ ಬಂದವರು ಯಾರೂ ಅದನ್ನು ಮುಟ್ಟುವುದಿಲ್ಲ. ಚೀಟಿ ಇಲ್ಲ, ಸಾಕ್ಷಿ ಇಲ್ಲ, ಬರೀ ಬಾಯಿಮಾತು. ಜಗಳಕ್ಕೇ ಹುಟ್ಟಿದ ಹೆಂಗಸರು ಕೂಡ ಈ ಮಾತನ್ನು ಮೀರುವುದಿಲ್ಲ.

ಎದುರಿನ ಸೀಟಿನಲ್ಲಿ ತರಕಾರಿ ಟ್ರಾಲಿ ಹಿಡಿದುಕೊಂಡು ಒಬ್ಬ ಮುದುಕಿ ಕೂತಿದ್ದರು. ಬೆಳ್ಳಿ ಕೂದಲು, ಇಸ್ತ್ರಿ ಮಾಡಿದ ನೀಲಿ ಕೋಟು. ಅವರ ಕಡೆ ಬಾಗಿ, "ಮೇಡಮ್, ವೇರ್ ಯು ಗೆಟ್ ಡೌನ್?" ಅಂತ ಕೇಳಿದೆ.

ಅವರು ಬೆಚ್ಚಿ ನನ್ನನ್ನು ನೋಡಿದರು. "ಸಾಂತ್ ಎಲೆನಾ" ಅಂದರು.

ನಾವು ಇಳಿಯುವ ಸ್ಟಾಪೇ ಅದು. ನಮ್ಮಲ್ಲಿ ತಾವಿಳಿಯುವಲ್ಲೇ ಇಳಿಯುವವರ ಎದುರು ಯಾರೂ ಸಮಯ ಹಾಳುಮಾಡಿ ನಿಲ್ಲುವುದಿಲ್ಲ. "ಓಕೆ, ಸೇಮ್, ಸೇಮ್" ಅಂತ ಹೇಳಿ ಪಕ್ಕದವರ ಕಡೆ ತಿರುಗಲಿದ್ದೆ, ಅಷ್ಟರಲ್ಲಿ ಆಕೆ ಇವರ ಮುಖ ನೋಡಿದರು. ಎದ್ದು ನಿಂತು, ಸೀಟಿನ ಕಡೆ ಕೈ ಮಾಡಿ, "ಪ್ಲೀಸ್ ಸರ್. ಇಟ್ ಈಸ್ ರೆಡಿ ಫಾರ್ ಯು" ಅಂದರು.

ಬೇರೆ ದಿನ ಆಗಿದ್ದರೆ ಇವರು ಸತ್ತರೂ ಒಬ್ಬ ಮುದುಕಿಯ ಸೀಟಿನಲ್ಲಿ ಕೂರುತ್ತಿರಲಿಲ್ಲ. ಅವತ್ತು ಕೂತರು. ಅದನ್ನು ನೋಡಿ ನನಗಾದ ಸಂಕಟ ಹೇಳಲಿಕ್ಕಾಗುವುದಿಲ್ಲ.

ಸಾನ್ ಮಾರ್ಕೊ ಬಂದಾಗ ದೋಣಿಯೇ ಒಂದು ಕಡೆ ವಾಲುವಷ್ಟು ಜನ ಎದ್ದು ಇಳಿದರು. ಅದರಾಚೆ ಕಲ್ಯಾಣ ದಾಟಿ ಶಹಾಡ್ ಕಡೆ ಹೋಗುವ ಮಧ್ಯಾಹ್ನದ ಗಾಡಿಯ ಹಾಗೆ ಖಾಲಿ. ಗಾಳಿ ಬಂತು, ಇವರು ಕಣ್ಣು ತೆರೆದರು. ಆಕೆಯ ಹೆಸರು ಬ್ರೂನಾ ಅಂತ ಗೊತ್ತಾಯಿತು. ಒಂದು ಹೋಟೆಲಿನ ರಿಸೆಪ್ಷನ್ನಿನಲ್ಲಿ ಜೀವಮಾನವಿಡೀ ನಿಂತವರು. ಅವರ ಇಂಗ್ಲಿಷೆಲ್ಲ ಅಲ್ಲಿಯದ್ದೇ, ಪ್ರತಿ ಮಾತಿಗೂ ಒಂದು ಪ್ಲೀಸ್, ಒಂದು ಮೇಡಮ್. ನಾನು ದಾರಿ ತಪ್ಪಿ ಹೆದರಿದ್ದೇನೆ, ಅದಕ್ಕೇ ಎಲ್ಲಿ ಇಳಿಯುತ್ತೀರಿ ಅಂತ ಕೇಳಿದೆ ಅಂದುಕೊಂಡಿದ್ದರಂತೆ. ನಿಜ ವಿಷಯ ಹೇಳಿದೆ, ನಿಮ್ಮ ಸೀಟಿನ ಮೇಲೆ ಕಣ್ಣು ಹಾಕಿದ್ದೆ ಅಂತ. ಆಕೆ ನಕ್ಕದ್ದು ನೋಡಬೇಕಿತ್ತು. ನನ್ನ ಅಪ್ಪನೂ ಕಲ್ಯಾಣದ ಒಂದು ಹೋಟೆಲಿನ ದುಡ್ಡಿನ ಗಲ್ಲೆಯಲ್ಲಿ ಕೂರುತ್ತಿದ್ದವರು ಅಂದಾಗ, "ಆಹ್, ಹಾಗಾದರೆ ನಾವು ಒಂದೇ ಮನೆಯವರು. ಊಟ ಆಗಿದೆಯಾ?" ಅಂತ ಕೇಳಿದರು. ಹೋಟೆಲಿನವರು ಯಾವ ದೇಶದಲ್ಲಿದ್ದರೂ ಮೊದಲು ಕೇಳುವುದು ಅದನ್ನೇ.

ಸಾನ್ ಮಾರ್ಕೊ

ಮರುದಿನ ನಾನು ಹಟ ಹಿಡಿದೆ. ವೆನಿಸ್ಸಿಗೆ ಬಂದು ಸಾನ್ ಮಾರ್ಕೊ ಚೌಕ ನೋಡದೆ ಹೋದರೆ ಜನ ನಗುತ್ತಾರೆ, ದೋಣಿ ಬೇಡ, ನೀರಿನ ಬದಿಯಲ್ಲಿ ನಡೆದೇ ಹೋಗುವ ಅಂತ ಇವರನ್ನು ಹೊರಡಿಸಿದೆ. ಶುರುವಿನಲ್ಲಿ ಚೆಂದ. ಪಾರ್ಕು, ಪೈನ್ ಮರ, ನಾಯಿ ತಿರುಗಾಡಿಸುವವರು. ಒಂದೊಂದು ಸೇತುವೆ ದಾಟಿದ ಹಾಗೂ ಜನ ಹೆಚ್ಚುತ್ತ ಬಂದರು. ಚೌಕಕ್ಕೆ ಮೊದಲು ಒಂದು ಸೇತುವೆ ಉಂಟು. ಅದರ ಮೇಲೆ ನಿಂತು ಪಕ್ಕದ ಇನ್ನೊಂದು ಸೇತುವೆಯ ಫೋಟೋ ತೆಗೆಯುವುದು ಪದ್ಧತಿ. ತೆಗೆಯುವವರು ಹೋಗುವುದಿಲ್ಲ, ಹಿಂದಿನವರು ನಿಲ್ಲುವುದಿಲ್ಲ.

ಇವರು ಸೇತುವೆಯ ಬುಡದಲ್ಲಿ ನಿಂತುಬಿಟ್ಟರು. "ನೀನು ಹೋಗಿ ನೋಡಿ ಬಾ. ನಾನು ಇಲ್ಲಿ ಕೂರ್ತೇನೆ."

ನನಗೆ ಪಿತ್ತ ನೆತ್ತಿಗೇರಿತು. "ಇಷ್ಟು ದೂರ ನಿಮ್ಮನ್ನು ಕರ್ಕೊಂಡು ಬಂದದ್ದು ಮೆಟ್ಟಲಿನ ಮೇಲೆ ಕೂರಿಸ್ಲಿಕ್ಕಾ? ಎದುರಿಗೆ ಉಂಟು. ಐದು ನಿಮಿಷ ಉಸಿರು ಹಿಡಿದರೆ ಆಯ್ತು" ಅಂದೆ.

"ಉಸಿರು ಹಿಡಿಯುದು ಅಂದ್ರೆ ಎಂತ ಗೊತ್ತುಂಟಾ ನಿನಗೆ" ಅಂದರು ಇವರು. ಜೋರಾಗಿ ಅಲ್ಲ, ಮೆಲ್ಲಗೆ. "ಅವತ್ತು ನನ್ನ ಕಾಲು ನೆಲದ ಮೇಲೆ ಇರ್ಲಿಲ್ಲ. ಕೂಗುವ ಅಂತ ಬಾಯಿ ತೆರೆದೆ, ಎದೆಯಲ್ಲಿ ಗಾಳಿ ಇಲ್ಲ. ನನ್ನ ಮೂಗಿನ ಹತ್ತಿರವೇ ಒಬ್ಬ ಮೊಬೈಲಿನಲ್ಲಿ ಕ್ರಿಕೆಟ್ ನೋಡ್ತಿದ್ದ. ನಾನು ಸಾಯ್ತಾ ಇದ್ದೇನೆ, ಅವನಿಗೆ ಗೊತ್ತಿಲ್ಲ. ಅಷ್ಟು ಜನ ಇದ್ದರು ಮಾರಾಯ್ತಿ, ಒಬ್ಬನಿಗೂ ಗೊತ್ತಿರ್ಲಿಲ್ಲ."

ಅಷ್ಟು ತಿಂಗಳಲ್ಲಿ ಇವರು ಇದನ್ನು ನನಗೆ ಹೇಳಿರಲಿಲ್ಲ. ಡಾಕ್ಟರಿಗೂ ಹೇಳಿರಲಿಲ್ಲ. ಮುಖದ ಮೇಲೆ ಹೊಡೆದ ಹಾಗಾಯಿತು ನನಗೆ. ಅವರ ಪಕ್ಕದಲ್ಲಿ ಆ ಕಲ್ಲಿನ ಮೆಟ್ಟಲಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಮತ್ತೆ ಇಬ್ಬರೂ ಎದ್ದು ಬಂದ ದಾರಿಯಲ್ಲೇ ವಾಪಸ್ ಹೊರಟೆವು. ಹಾಗೆ, ಚೌಕದ ಗೋಪುರದ ತುದಿ ಮಾತ್ರ ಕಂಡದ್ದು ನಮಗೆ. ಇನ್ನು ನೋಡಲೇಬೇಕಾದ್ದು ಅಂತ ಒಂದು ಜಾಗವನ್ನೂ ನೋಡುವುದು ಬೇಡ ಅಂತ ದಾರಿಯಲ್ಲೇ ತೀರ್ಮಾನ ಮಾಡಿದೆ.

ವಿಯಾ ಗರಿಬಾಲ್ಡಿ

ಆಮೇಲಿನ ದಿನಗಳು ನಿಜಕ್ಕೂ ಸುಖದವು. ನಮ್ಮ ತುದಿಯಲ್ಲಿ ವಿಯಾ ಗರಿಬಾಲ್ಡಿ ಎಂಬ ಅಗಲದ ಬೀದಿ ಉಂಟು. ಅದರ ಕೊನೆಯಲ್ಲಿ ಒಂದು ದೋಣಿ ಕಟ್ಟಿರುತ್ತದೆ, ದೋಣಿಯ ತುಂಬ ತರಕಾರಿ. ಅದೇ ಅಂಗಡಿ. ನನ್ನ ಕಾಲು ತಾನೇ ಅಲ್ಲಿಗೆ ಹೋಯಿತು. ಬೀನ್ಸ್ ಚೆನ್ನಾಗಿ ಕಂಡಿತು. ಎಳತಾ ಬಲಿತದ್ದಾ ನೋಡಬೇಕಲ್ಲ? ಒಂದನ್ನು ಎತ್ತಿ ತುದಿ ಮುರಿದೆ, ಪಟ್ ಅಂತ ಸದ್ದು ಬಂತು, ಒಳ್ಳೆಯದು ಅಂತ ಇನ್ನೊಂದಕ್ಕೆ ಕೈ ಹಾಕಿದೆ.

ಅಂಗಡಿಯವನು ಬೊಬ್ಬೆ ಹೊಡೆದದ್ದಕ್ಕೆ ಇಡೀ ಬೀದಿ ತಿರುಗಿ ನೋಡಿತು. ಅಲ್ಲಿ ತರಕಾರಿಯನ್ನು ಗಿರಾಕಿ ಮುಟ್ಟಲೇಬಾರದಂತೆ. ಬೆರಳು ತೋರಿಸಬೇಕು, ಅವನೇ ಆರಿಸಿ ಕೊಡುತ್ತಾನೆ. ನಮ್ಮಲ್ಲಿ ಬೆಂಡೆಕಾಯಿಯ ತುದಿ ಮುರಿಯದೆ ತಂದರೆ ಅತ್ತೆಯಂದಿರು ಸುಮ್ಮನಿರುವುದಿಲ್ಲ, ಇಲ್ಲಿ ಮುರಿದದ್ದಕ್ಕೆ ಬೈಗುಳ. ಬ್ರೂನಾ ಎಲ್ಲಿಂದಲೋ ಬಂದು ಬಿಡಿಸಿದರು. ಅವನಿಗೆ ಏನು ಹೇಳಿದರೋ, ಅವನು ಮುರಿದ ಬೀನ್ಸನ್ನು ನನ್ನ ಕೈಗೇ ಕೊಟ್ಟು, ತಿನ್ನು ಅಂತ ಸನ್ನೆ ಮಾಡಿದ. ಹಸಿಯಾಗಿಯೇ ತಿಂದೆ, ಬೇರೆ ದಾರಿ ಇರಲಿಲ್ಲ. ಇವರು ಪಕ್ಕದಲ್ಲಿ ನಿಂತು ನನ್ನನ್ನು ಗೊತ್ತೇ ಇಲ್ಲದವರ ಹಾಗೆ ನೀರು ನೋಡುತ್ತಿದ್ದರು.

ಅಲ್ಲಿಯ ಜನರ ಬಟ್ಟೆ ಒಣಗಿಸುವ ಕ್ರಮ ನನಗೆ ಬಹಳ ಇಷ್ಟವಾಯಿತು. ಈ ಮನೆಯ ಕಿಟಕಿಯಿಂದ ಎದುರು ಮನೆಯ ಗೋಡೆಗೆ ಹಗ್ಗ, ಎರಡೂ ಕಡೆ ರಾಟೆ. ಓಣಿಯ ನಡುವೆ ನೆತ್ತಿಯ ಮೇಲೆ ಚಡ್ಡಿ, ಲುಂಗಿಯಷ್ಟಗಲದ ಟವೆಲು, ಮಕ್ಕಳ ಅಂಗಿ. ನಮ್ಮ ಸೊಸೈಟಿಯಲ್ಲಿ ಮೇಲಿನವರ ಬಟ್ಟೆಯ ನೀರು ಕೆಳಗಿನವರ ಹಪ್ಪಳದ ಮೇಲೆ ಬಿತ್ತು ಅಂತ ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ. ಇಲ್ಲಿಯೂ ಜಗಳ ಆಗುವುದುಂಟಾ ಅಂತ ಬ್ರೂನಾರನ್ನು ಕೇಳಿದೆ. "ಎವರಿ ಡೇ, ಮೇಡಮ್" ಅಂದರು, ರೂಮಿನ ಜೊತೆ ಬೆಳಗಿನ ತಿಂಡಿ ಉಂಟು ಅಂತ ಹೇಳುವ ಸ್ವರದಲ್ಲಿ. ನನಗೆ ಸಮಾಧಾನವಾಯಿತು.

ಬೆಳಗ್ಗೆ ಹತ್ತು ಗಂಟೆಗೇ ಮುದುಕರು ಬಾರಿನ ಹೊರಗೆ ನಿಂತು ಚಿಕ್ಕ ಗ್ಲಾಸಿನಲ್ಲಿ ವೈನ್ ಕುಡಿಯುತ್ತಾರೆ. ನಮ್ಮಲ್ಲಾದರೆ ಊರೆಲ್ಲ ಸುದ್ದಿ. ಕಾಫಿ ಮಾತ್ರ ಒಂದು ಗುಟುಕು, ನಿಂತಲ್ಲೇ ಬಾಯಿಗೆ ಸುರಿದುಕೊಂಡು ಹೊರಡುತ್ತಾರೆ. ಊಟವಾದ ಮೇಲೆ ನಾನು ಹಾಲು ಹಾಕಿದ ಕಾಫಿ ಕೇಳಿದ್ದಕ್ಕೆ ಬಾರಿನ ಹುಡುಗಿ, ಹೊಟ್ಟೆ ಸರಿ ಇಲ್ಲವಾ ಅಂತ ಅನುಕಂಪದಿಂದ ನೋಡಿದಳು.

ಇವರು ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಂಡರು. ಸಾನ್ ಪಿಯೆತ್ರೊ ಎಂಬ ಇಗರ್ಜಿಯ ಎದುರು ಹುಲ್ಲಿನ ಅಂಗಳ, ಅಲ್ಲೊಂದು ವಾಲಿದ ಬಿಳಿ ಗಂಟೆ ಗೋಪುರ, ಅದರಡಿ ಬೆಂಚು. ಅಲ್ಲಿ ಕೂರುವ ಮುದುಕರು ಇವರಿಗೆ ತಲೆ ಆಡಿಸತೊಡಗಿದರು, ಇವರೂ ಆಡಿಸಿದರು. ಒಂದು ಬೆಳಗ್ಗೆ ನಾನು ಏಳುವಾಗ ಇವರು ಕೋಣೆಯಲ್ಲಿಲ್ಲ. ಗಾಬರಿಯಿಂದ ಕಿಟಕಿಗೆ ಓಡಿದೆ. ಕೆಳಗೆ ಓಣಿಯಲ್ಲಿ ಬ್ರೆಡ್ಡಿನ ಕಟ್ಟು ಹಿಡಿದು ಬರುತ್ತಿದ್ದರು. "ಆರೇಳು ಜನ ಇದ್ರು ಅಂಗಡಿಯಲ್ಲಿ. ನಂಬರ್ ತೆಗೊಂಡು ನಿಲ್ಲುದು. ಯಾರೂ ಯಾರನ್ನೂ ಮುಟ್ಟುದಿಲ್ಲ" ಅಂತ ವರದಿ ಕೊಟ್ಟರು. ಆ ಬ್ರೆಡ್ಡು ಕಲ್ಲಿನಷ್ಟು ಗಟ್ಟಿ ಇತ್ತು. ನಾನು ಚೂರೂ ಬಿಡದೆ ತಿಂದೆ.

ಸಾಂತಾ ಸೋಫಿಯಾ

ದೊಡ್ಡ ಕಾಲುವೆಗೆ ಸೇತುವೆ ಕಮ್ಮಿ. ಹಾಗಾಗಿ ಕೆಲವು ಕಡೆ ಈಚೆಯಿಂದ ಆಚೆಗೆ ದಾಟಿಸಲಿಕ್ಕೆ ಹಳೆಯ ಗೊಂಡೋಲಾಗಳನ್ನು ಇಟ್ಟಿದ್ದಾರೆ. ಚಿನ್ನದ ಗಿಲೀಟು, ಕೆಂಪು ಮೆತ್ತೆ ಏನೂ ಇಲ್ಲ. ನಮ್ಮ ಉಡುಪಿ ಕಡೆಯ ಕಲ್ಯಾಣಪುರ ಹೊಳೆಯಲ್ಲಿ ಮುಂಚೆ ಇದ್ದ ಕಡವಿನ ದೋಣಿಯ ಹಾಗೆಯೇ. ಬ್ರೂನಾ ನಮ್ಮನ್ನು ಒಂದು ಬೆಳಗ್ಗೆ ಪ್ರವಾಸಿಗಳು ಏಳುವ ಮೊದಲು ಸಾಂತಾ ಸೋಫಿಯಾ ಎಂಬ ಅಂಥದ್ದೊಂದು ಕಡವಿಗೆ ಕರೆದುಕೊಂಡು ಹೋದರು. ಆಚೆ ದಡದ ಸಂತೆಗೆ ಹೋಗುವ ಹೆಂಗಸರು, ಫೈಲು ಹಿಡಿದವರು ಹತ್ತಿದರು. ಯಾರೂ ಕೂರಲಿಲ್ಲ. ಊರಿನವರು ನಿಲ್ಲುವುದೇ ಕ್ರಮವಂತೆ.

ದೋಣಿ ದಡ ಬಿಟ್ಟು ಹೊಯ್ದಾಡಿತು. ದೊಡ್ಡ ದೋಣಿಯೊಂದು ಪಕ್ಕದಲ್ಲೇ ಹಾದು ಅಲೆ ಎಬ್ಬಿಸಿತು. ನಾನು ಬ್ರೂನಾರ ಕೋಟು ಹಿಡಿದು ದೇವರ ಹೆಸರು ಹೇಳುತ್ತಿದ್ದೆ. ಇವರನ್ನು ನೋಡಿದರೆ ನಡುವಿನಲ್ಲಿ ನಿಂತಿದ್ದಾರೆ, ಎರಡೂ ಕೈ ಜೋಬಿನೊಳಗೆ. ಮೊಣಕಾಲು ಸ್ವಲ್ಪ ಸಡಿಲ, ಪಾದ ಸ್ವಲ್ಪ ಅಗಲ. ದೋಣಿ ಆ ಕಡೆ ಹೋದರೆ ಇವರು ಈ ಕಡೆ, ಅದು ಈ ಕಡೆ ಬಂದರೆ ಇವರು ಆ ಕಡೆ. ಹುಟ್ಟು ಹಾಕುವವನು ಇವರನ್ನೇ ನೋಡಿ ಏನೋ ಕೇಳಿದ.

"ಸರ್ ಹಡಗಿನಲ್ಲಿ ಕೆಲಸ ಮಾಡಿದವರಾ ಅಂತ ಕೇಳ್ತಿದ್ದಾನೆ" ಅಂದರು ಬ್ರೂನಾ.

"ನೋ. ಡೊಂಬಿವಲಿ" ಅಂದರು ಇವರು. ಹೇಳಿ ತಾವೇ ನಕ್ಕರು. ಹೊಟ್ಟೆಯಿಂದ ಬಂದ ನಗು ಅದು, ಎಷ್ಟೋ ಸಮಯದ ಮೇಲೆ ಕೇಳಿದ್ದು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ನೀರು ನೋಡುವ ನೆಪದಲ್ಲಿ ಮುಖ ತಿರುಗಿಸಿದೆ.

ಅವತ್ತು ಸಂಜೆ ಬ್ರೂನಾರ ಮನೆಯಲ್ಲಿ ಊಟ. ಅನ್ನಕ್ಕೆ ಬಟಾಣಿ ಹಾಕಿ ಮೆತ್ತಗೆ ಬೇಯಿಸಿದ್ದು, ಆರ್ಟಿಚೋಕ್ ಎಂಬ ಎಳೆ ಮೊಗ್ಗಿನ ಪಲ್ಯ. ಮಾಂಸದ ಸಾರು ಹಾಕಿಲ್ಲ ಅಂತ ನಾನು ಕೇಳುವ ಮೊದಲೇ ಆಣೆ ಮಾಡಿ ಹೇಳಿದರು. ಊಟವಾದ ಮೇಲೆ ಕಿಟಕಿ ತೆಗೆದು ಎದುರಿನ ಮನೆಗಳನ್ನು ತೋರಿಸಿದರು. ಎಷ್ಟೋ ಕಿಟಕಿಗಳು ಮುಚ್ಚಿದ್ದವು. ಇಲ್ಲಿಯ ಮಕ್ಕಳೆಲ್ಲ ದಡದಾಚೆಯ ಊರುಗಳಿಗೆ ಹೋದರು, ಮನೆಗಳು ಪ್ರವಾಸಿಗಳ ಬಾಡಿಗೆಗೆ ಹೋದವು ಅಂದರು. "ಚಳಿಗಾಲದಲ್ಲಿ ಈ ಓಣಿಯಲ್ಲಿ ನನ್ನದೊಂದೇ ದೀಪ. ನಾನು ಬಿದ್ದರೆ ಯಾರಿಗೆ ಗೊತ್ತಾಗ್ತದೆ ಅಂತ ಯೋಚಿಸ್ತೇನೆ. ನಿಮ್ಮಲ್ಲಿ ತುಂಬ ಜನ ಇದ್ದಾರೆ. ಯು ಆರ್ ಲಕ್ಕಿ, ಸರ್."

ಇವರು ತಟ್ಟೆಯನ್ನು ಬದಿಗೆ ಸರಿಸಿದರು. ಅಷ್ಟು ಜನರ ನಡುವೆಯೂ ಯಾರಿಗೂ ಗೊತ್ತಾಗಲಿಲ್ಲ ಅಂತ ಹೇಳುತ್ತಾರೇನೋ ಅಂತ ನಾನು ಹೆದರಿದೆ. ಹಾಗೆ ಹೇಳಲಿಲ್ಲ. ಠಾಣೆಯಲ್ಲಿ ಬಿದ್ದ ಮೇಲೆ ಯಾರೋ ಗುರುತಿಲ್ಲದ ಹುಡುಗರು ಎತ್ತಿ ರಿಕ್ಷಾದಲ್ಲಿ ಆಸ್ಪತ್ರೆಗೆ ಸೇರಿಸಿದ್ದು, ಒಬ್ಬ ತನ್ನ ಆಫೀಸು ಬಿಟ್ಟು ನಾನು ಬರುವ ತನಕ ಕಾದದ್ದು, ಅದನ್ನು ಹೇಳಿದರು. ತಮ್ಮ ಹರಕು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು. ಬ್ರೂನಾ ಇವರ ಕೈಯ ಮೇಲೆ ಕೈ ಇಟ್ಟು ಕೇಳಿದರು.

ಕೋಣೆಗೆ ಬರುವ ದಾರಿಯಲ್ಲಿ, "ಜೂನ್‌ಗೆ ಹೋಗ್ತೀರಲ್ಲ?" ಅಂತ ಕೇಳಿದೆ. ಕೇಳಬಾರದಿತ್ತು.

"ಅದು ಬೇರೆ. ದೋಣಿಯಲ್ಲಿ ಹತ್ತು ಜನ ಇದ್ರು" ಅಂದರು.

ಜರ್ದೀನಿ

ಹೊರಡುವ ದಿನ ದೋಣಿಯವರ ಮುಷ್ಕರ. ಬ್ರೂನಾ ಹಿಂದಿನ ದಿನವೇ ಎಚ್ಚರಿಸಿದ್ದರು, ದೋಣಿ ಇರುತ್ತದೆ, ಆದರೆ ಕಡಿಮೆ, ಬೇಗ ಹೊರಡಿ ಅಂತ. ಅವರ ಮನೆ ಬಾಗಿಲಲ್ಲೇ ಬೀಳ್ಕೊಟ್ಟು, ನನ್ನ ಎರಡೂ ಕೆನ್ನೆಗೆ ಮುದ್ದಿಟ್ಟು, "ವಿ ಹೋಪ್ ಟು ಸೀ ಯು ಅಗೈನ್" ಅಂದಿದ್ದರು. ಆ ಮಾತನ್ನು ಅವರು ಸಾವಿರ ಜನರಿಗೆ ಹೇಳಿರಬಹುದು. ನನಗೆ ಹೇಳುವಾಗ ಕಣ್ಣು ಒದ್ದೆಯಾಗಿತ್ತು.

ಬೆಳಗ್ಗೆ ಸಾಂತ್ ಎಲೆನಾದ ಜೆಟ್ಟಿಯಲ್ಲಿ ಕಾಲಿಡಲಿಕ್ಕೆ ಜಾಗ ಇಲ್ಲ. ಇವರ ಕೈಯಲ್ಲಿ ಒಂದು ಪೆಟ್ಟಿಗೆ, ನನ್ನ ಕೈಯಲ್ಲಿ ಒಂದು. ಇಬ್ಬರ ಪಾಸ್‌ಪೋರ್ಟು, ಇದ್ದ ಒಂದೇ ಫೋನು, ಎಲ್ಲ ನನ್ನ ಚೀಲದಲ್ಲಿ. ಬಹಳ ಹೊತ್ತಿನ ಮೇಲೆ ದೋಣಿ ಬಂತು, ಆಚೆಯ ದ್ವೀಪದಿಂದಲೇ ತುಂಬಿಕೊಂಡು. ಸಿಬ್ಬಂದಿ ಹಗ್ಗ ಬಿಗಿದು ಕಬ್ಬಿಣದ ಗೇಟು ಸರಿಸಿದ್ದೇ ತಡ, ನನ್ನ ಮೈಯೊಳಗೆ ಮೂವತ್ತು ವರ್ಷದಿಂದ ಕೂತ ಹೆಂಗಸು ಎದ್ದಳು. ಮೊಣಕೈ ಮುಂದೆ, ತಲೆ ಕೆಳಗೆ, ಇಳಿಯುವವರ ಬಗಲಿನಿಂದ ನುಸುಳಿ ನಾನು ಪೆಟ್ಟಿಗೆ ಸಮೇತ ಒಳಗೆ. ಯಾರೋ ಇಟಾಲಿಯನ್ನಿನಲ್ಲಿ ಬೈದರು. ಗೇಟು ಮುಚ್ಚಿತು. ತಿರುಗಿ ನೋಡಿದರೆ ಇವರು ಜೆಟ್ಟಿಯ ಮೇಲೆಯೇ ಇದ್ದಾರೆ, ಮೊದಲು ನಿಂತಲ್ಲೇ.

"ನೆಕ್ಸ್ಟ್ ಸ್ಟಾಪ್ ಇಳೀತೇನೆ" ಅಂತ ಕೂಗಿದೆ. ಕೇಳಿಸಿತೋ ಇಲ್ಲವೋ, ನಡುವೆ ಆಗಲೇ ನೀರು ಬಂದಿತ್ತು.

ಮುಂದಿನ ಸ್ಟಾಪ್ ಜರ್ದೀನಿ. ಇಳಿದು ನಿಂತೆ. ನನ್ನನ್ನು ನಾನೇ ಎಷ್ಟು ಬೈದುಕೊಂಡೆ ಅಂತ ಬರೆಯುವುದಿಲ್ಲ. ಇವರ ಜೋಬಿನಲ್ಲಿ ಫೋನಿಲ್ಲ, ಬಾಯಿಗೆ ಭಾಷೆ ಇಲ್ಲ. ಸಾಂತ್ ಎಲೆನಾದಿಂದ ಇಲ್ಲಿಗೆ ಪಾರ್ಕಿನ ಒಳಗಿಂದ ನಡೆದು ಬರಬಹುದು, ದಿನಾ ನಡೆದ ದಾರಿಯೇ. ನಾನೇ ವಾಪಸ್ ನಡೆಯುವ ಅಂದರೆ ನಡುವೆ ಒಬ್ಬರಿಗೊಬ್ಬರು ತಪ್ಪಿ ಹೋದರೆ ಅಂತ ಭಯ. ಕೊನೆಗೆ ಮನಸ್ಸು ಗಟ್ಟಿ ಮಾಡಿ ಆ ದಾರಿಯನ್ನೇ ನೋಡುತ್ತ ನಿಂತೆ. ಪೆಟ್ಟಿಗೆ ಎಳೆದುಕೊಂಡು ಇವರು ಪೈನ್ ಮರಗಳ ನಡುವಿನಿಂದ ಬರುತ್ತಾರೆ, ಇಬ್ಬರೂ ಬೆಂಚಿನ ಮೇಲೆ ಕೂರುತ್ತೇವೆ, ವಿಮಾನ ಹೋದರೆ ಹೋಗಲಿ. ಜೂನ್‌ನಲ್ಲಿ ರಾಜೀನಾಮೆ ಕೊಟ್ಟರೂ ಕೊಡಲಿ, ನಾನು ಇನ್ನು ಒಂದು ಮಾತೂ ಆಡುವುದಿಲ್ಲ ಅಂತ ಅಲ್ಲಿ ನಿಂತು ನಿಶ್ಚಯ ಮಾಡಿದೆ. ದಾರಿಯಲ್ಲಿ ನಾಯಿಯವರು ಬಂದರು, ಓಡುವವರು ಬಂದರು, ಇವರು ಬರಲಿಲ್ಲ.

ಹಿಂದಿನಿಂದ ದೋಣಿ ಬಂದು ಜೆಟ್ಟಿಗೆ ತಾಗಿದ ಸದ್ದು ಕೇಳಿತು. ಮೊದಲಿನದ್ದಕ್ಕಿಂತ ಹೆಚ್ಚು ಜನ. ನಾನು ಸರಿಯಾಗಿ ನೋಡಲೂ ಇಲ್ಲ.

"ಏ, ಅಲ್ಲಿ ಎಂತ ನೋಡ್ತಿ? ಹತ್ತು."

ಗೇಟಿನ ಪಕ್ಕದ ಜನರಾಶಿಯ ಒಳಗಿನಿಂದ ಒಂದು ಕೈ ಹೊರಗೆ ಬಂದಿತ್ತು. ಮೊದಲು ಕೈ ಗುರುತಿಸಿದೆ, ಆಮೇಲೆ ಮುಖ. ಇವರು ಪೆಟ್ಟಿಗೆಯನ್ನು ಕಾಲುಗಳ ನಡುವೆ ಸಿಕ್ಕಿಸಿಕೊಂಡು, ಬೆನ್ನಿನಿಂದ ಹಿಂದಿನವರನ್ನು ತಡೆದು, ನನ್ನಷ್ಟೇ ಅಗಲದ ಜಾಗ ಮಾಡಿಟ್ಟಿದ್ದರು. ನನ್ನ ಮಣಿಕಟ್ಟು ಹಿಡಿದು ಒಂದೇ ಸಲಕ್ಕೆ ಒಳಗೆ ಎಳೆದುಕೊಂಡರು. ಗೇಟು ನನ್ನ ಬೆನ್ನಿಗೆ ತಾಗಿ ಮುಚ್ಚಿತು.

ಮದುವೆಯಾದಂದಿನಿಂದ ನಾವಿಬ್ಬರೂ ಒಂದೇ ಸ್ಟೇಷನ್ನಿನಿಂದ ರೈಲು ಹತ್ತಿದವರು. ಇವರು ಗಂಡಸರ ಡಬ್ಬಿಗೆ, ನಾನು ಹೆಂಗಸರ ಡಬ್ಬಿಗೆ. ಹತ್ತುವಾಗ ಇವರು ಹತ್ತಿದರಾ ಅಂತ ತಿರುಗಿ ನೋಡಿದವಳೇ ಅಲ್ಲ ನಾನು. ಇವರು ಜನರ ನಡುವೆ ಹೇಗೆ ನಿಲ್ಲುತ್ತಾರೆ, ಉಸಿರಿಗೆ ಹೇಗೆ ಜಾಗ ಮಾಡಿಕೊಳ್ಳುತ್ತಾರೆ ಅಂತ ನಾನು ನೋಡಿದ್ದು ಅದೇ ಮೊದಲು. ಇವರ ಗಲ್ಲದಿಂದ ಬೆವರು ನನ್ನ ಹಣೆಯ ಮೇಲೆ ಇಳಿಯುತ್ತಿತ್ತು. ನನ್ನ ಮಣಿಕಟ್ಟು ಹಿಡಿದ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

"ನಡ್ಕೊಂಡು ಬರ್ಬಹುದಿತ್ತಲ್ಲ ನೀವು" ಅಂದೆ.

"ನೀನು ಇಳಿದಿದ್ದಿ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಮುಂದೆ ಹೋಗಿದ್ರೆ?" ಅಂದರು. ಕಣ್ಣು ಮುಚ್ಚಿದ್ದರು. ಮೂಗಿನಿಂದ ಉಸಿರು ಎಳೆದು ಬಾಯಿಂದ ಬಿಡುತ್ತಿದ್ದರು, ಡಾಕ್ಟರು ಹೇಳಿಕೊಟ್ಟ ಹಾಗೆ.

ಸಾನ್ ಮಾರ್ಕೊ ಹತ್ತಿರ ಬರುತ್ತಿತ್ತು. ಅಲ್ಲಿ ಇಳಿಯುವವರಿಗಿಂತ ಹತ್ತುವವರು ಹೆಚ್ಚು ಕಾಣುತ್ತಿದ್ದರು.

"ಇನ್ನೆಷ್ಟು ಸ್ಟಾಪ್ ಉಂಟು?" ಅಂತ ಇವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ತುಂಬ ಉಂಟು" ಅಂದೆ.

"ಇರ್ಲಿ" ಅಂದರು. "ಆಗ್ತದೆ."